ಮೂರು ಇಂಚಿಗೆ ಎಷ್ಟು ಕೊಡಬೇಕು?



ಕಾಲಿನ ಮೂಳೆ ಕತ್ತರಿಸಿ ಎತ್ತರ ಹೆಚ್ಚಿಸುವ ಆಪರೇಷನ್ ಬಗ್ಗೆ ಒಂದು ವರ್ಷದಲ್ಲಿ ನನ್ನನ್ನು ನಾಲ್ಕು ಜನ ಕೇಳಿದ್ದಾರೆ. ನಾಲ್ವರೂ ನಮ್ಮ ತಾಳವಾಡಿ ಸೀಮೆಯ ಹುಡುಗರು. ಇಬ್ಬರು ಫೋನಿನಲ್ಲಿ, ಒಬ್ಬ ಭಾನುವಾರದ ಪೂಜೆ ಮುಗಿದ ಮೇಲೆ ಎಲ್ಲರೂ ಚದುರುವವರೆಗೆ ಕಾದು ನಿಂತು, ಇನ್ನೊಬ್ಬ ತನ್ನ ಗೆಳೆಯನಿಗೆ ಬೇಕಂತೆ ಎಂದು ಹೇಳಿಕೊಂಡು. ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಮೂಳೆ ಡಾಕ್ಟರ್ ಅಲ್ಲ. ಆದರೆ ಆಪರೇಷನ್ ಮಾಡಿದವರು ತಮ್ಮ ಕೆಲಸ ಮುಗಿಸಿ ಹೋದ ಮೇಲೆ ಆ ಕಾಲನ್ನು ಮತ್ತೆ ಮಡಿಸಿ, ಚಾಚಿ, ನೆಲಕ್ಕೆ ಊರಿಸಿ ನಡೆಸುವ ಕೆಲಸ ನನ್ನಂಥವರದು. ಆ ಭಾಗ ಜಾಹೀರಾತಿನಲ್ಲಿ ಕಾಣುವುದಿಲ್ಲ. ಅದಕ್ಕೇ ಬರೆಯಬೇಕೆನಿಸಿತು.

ಈ ನಾಲ್ವರಲ್ಲಿ ಒಬ್ಬ ನನ್ನ ಚಿಕ್ಕವ್ವನ ಮಗ. ಹೆಸರು ಬೇಡ, ತಮ್ಮ ಎಂದೇ ಬರೆಯುತ್ತೇನೆ. "ಬರಿ ಅಕ್ಕ, ಇನ್ಯಾರಿಗಾದ್ರೂ ಉಪಯೋಗ ಆಗ್ಲಿ" ಎಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ವಯಸ್ಸು ಇಪ್ಪತ್ತೇಳು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಎತ್ತರ ಐದು ಅಡಿ ಎರಡು ಇಂಚು, ಅಂದರೆ 157 ಸೆಂಟಿಮೀಟರ್ ಚಿಲ್ಲರೆ. ಏಳು ವರ್ಷ ದುಡಿದು ಐದು ಲಕ್ಷ ಕೂಡಿಸಿದ್ದಾನೆ. ದೊಡ್ಡ ಊರಿನ ಒಂದು ಆಸ್ಪತ್ರೆ ಮೂರು ಇಂಚು ಹೆಚ್ಚಿಸಲು ಹನ್ನೆರಡು ಲಕ್ಷದ ಅಂದಾಜು ಚೀಟಿ ಕೊಟ್ಟಿದೆ. ಉಳಿದ ಏಳು ಲಕ್ಷಕ್ಕೆ ಚಿಕ್ಕಪ್ಪನ ಒಂದೂವರೆ ಎಕರೆ ಅಡ ಇಡಬೇಕು. ಆ ಜಮೀನಿನಲ್ಲಿ ಈ ಸಲ ಅರಿಸಿನ ಇದೆ. ಇದಿಷ್ಟೂ ಚಿಕ್ಕಪ್ಪನಿಗೆ ಆಗ ಗೊತ್ತಿರಲಿಲ್ಲ.

"ಅವ್ವನ್ಗೆ ಹೇಳ್ಬ್ಯಾಡ ಅಕ್ಕ, ಮೊದ್ಲು ನೀನ್ ಹೇಳು, ಮಾಡಿಸ್ಕೊಳ್ಲಾ ಬ್ಯಾಡ್ವಾ?" ಎಂದು ಕೇಳಿದ.

ಬೇಕು, ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವ ವಿಷಯ ಇದಲ್ಲ. ಮೂರು ವಾರ ನಾವಿಬ್ಬರೂ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಬರಹ.

ಅವನಿಗೆ ಏಕೆ ಬೇಕು?

ಇದನ್ನು ಕೇಳಿದ ಕೂಡಲೇ ನಮ್ಮ ಹಿರಿಯರು "ಷೋಕಿ" ಎಂದುಬಿಡುತ್ತಾರೆ. ಷೋಕಿಗಾಗಿ ಯಾರೂ ಏಳು ವರ್ಷ ಹಾಸ್ಟೆಲ್ ಊಟ ತಿಂದು ಹಣ ಕೂಡಿಸುವುದಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ತಮಿಳುನಾಡು ಪೊಲೀಸ್ ಆಯ್ಕೆಗೆ ಹೋಗಿದ್ದ. ಅಲ್ಲಿ ಗಂಡಸರಿಗೆ ಸಾಮಾನ್ಯವಾಗಿ 170 ಸೆಂಟಿಮೀಟರ್ ಎತ್ತರ ಕೇಳುತ್ತಾರೆ. ಅಳತೆ ಕೋಲಿನ ಹತ್ತಿರವೇ ವಾಪಸ್ ಕಳಿಸಿದರು. ಆಮೇಲೆ ಮದುವೆ ಮಾತು ಶುರುವಾಯಿತು. ಎರಡು ಕಡೆಯವರು ಬಯೋಡೇಟಾ ನೋಡಿ ಒಪ್ಪಿ, ಹುಡುಗನನ್ನು ನೋಡಿ ಹೋದ ಮೇಲೆ ಸುಮ್ಮನಾದರು. ಒಂದು ಮನೆಯವರು ಮಧ್ಯದವರ ಕೈಲಿ ಕಾರಣವನ್ನೂ ಹೇಳಿ ಕಳಿಸಿದರು: ಹುಡುಗಿ ಪಕ್ಕ ನಿಂತರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಇನ್ನು ಊರಿನಲ್ಲಿ ಅವನಿಗಿರುವ ಅಡ್ಡಹೆಸರು ನಿಮಗೆಲ್ಲ ಊಹಿಸಲು ಕಷ್ಟವಲ್ಲ. ಪ್ರತಿ ಊರಿನಲ್ಲೂ ಒಬ್ಬ "ಕುಳ್ಳ", ಒಬ್ಬ "ಗಿಡ್ಡಪ್ಪ" ಇದ್ದೇ ಇರುತ್ತಾನೆ. ಕರೆಯುವವರಿಗೆ ಅದು ಪ್ರೀತಿ. ಕರೆಸಿಕೊಳ್ಳುವವನಿಗೆ ಇಪ್ಪತ್ತು ವರ್ಷ ದಿನಾ ಅದೇ ಮಾತು.

ಆದ್ದರಿಂದ ಅವನ ನೋವು ನಿಜ. ಆ ನೋವಿಗೆ ಈ ಆಪರೇಷನ್ ಔಷಧವೇ, ಆಗಿದ್ದರೆ ಯಾವ ಬೆಲೆಗೆ ಎಂಬುದೇ ನಮ್ಮ ಪ್ರಶ್ನೆ.

ಮೂಳೆ ಹೇಗೆ ಉದ್ದವಾಗುತ್ತದೆ?

ಈ ಚಿಕಿತ್ಸೆ ಹುಟ್ಟಿದ್ದು ಅಂದಕ್ಕಾಗಿ ಅಲ್ಲ. 1905ರಲ್ಲಿ ಇಟಲಿಯ ಬೊಲೊನ್ಯಾದ ಡಾಕ್ಟರ್ ಅಲೆಸ್ಸಾಂಡ್ರೊ ಕೊಡಿವಿಲ್ಲಾ ಗಿಡ್ಡವಾದ ಕಾಲನ್ನು ಎಳೆದು ಉದ್ದ ಮಾಡುವ ವಿಧಾನದ ಬಗ್ಗೆ ಬರೆದರು. ಅದನ್ನು ನಂಬಿಕೆಯಿಂದ ಮಾಡುವಂತಾದದ್ದು ಸೋವಿಯತ್ ದೇಶದ ಗವ್ರೀಲ್ ಇಲಿಜರೋವ್ ಅವರಿಂದ. ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಕೊಡುತ್ತಿದ್ದ ಅವರು 1950ರ ದಶಕದ ಆರಂಭದಲ್ಲಿ ಉಕ್ಕಿನ ಬಳೆಗಳು, ಸೈಕಲ್ ಚಕ್ರದ ಕಡ್ಡಿಯಂಥ ತಂತಿಗಳು, ತಿರುಪುಗಳು ಇರುವ ಒಂದು ಸಾಧನ ಮಾಡಿದರು. ನಮ್ಮ ವಾರ್ಡಿನಲ್ಲಿ ಇವತ್ತಿಗೂ ಅದನ್ನು "ರಿಂಗ್" ಎಂದೇ ಕರೆಯುತ್ತೇವೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರೂಮೆಲ್ ಮರುವರ್ಷ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ನುಚ್ಚುನೂರು ಮಾಡಿಕೊಂಡಾಗ, ಎಷ್ಟೋ ಆಪರೇಷನ್ ಆದ ಮೇಲೆ ಕೊನೆಗೆ ಆ ಕಾಲನ್ನು ಸರಿಮಾಡಿದವರು ಇದೇ ಇಲಿಜರೋವ್.

ವಿಧಾನ ಹೀಗಿದೆ. ಮೂಳೆಯನ್ನು ಅದರ ಮೇಲಿನ ಪೊರೆಗೆ ಆದಷ್ಟೂ ಪೆಟ್ಟಾಗದಂತೆ ಅಡ್ಡಲಾಗಿ ಕತ್ತರಿಸುತ್ತಾರೆ. ಐದರಿಂದ ಏಳು ದಿನ, ಕೆಲವೊಮ್ಮೆ ಹತ್ತು ದಿನ ಹಾಗೇ ಬಿಡುತ್ತಾರೆ. ಅಷ್ಟರಲ್ಲಿ ದೇಹ ಮುರಿದ ಜಾಗವನ್ನು ಕೂಡಿಸಲು ಎಳೆ ಮೂಳೆ ಕಟ್ಟತೊಡಗುತ್ತದೆ. ಆಮೇಲೆ ಎರಡು ತುದಿಗಳನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ದೂರ ಸರಿಸುತ್ತಾರೆ. ಅದೂ ಒಂದೇ ಸಲಕ್ಕಲ್ಲ, ಸಾಮಾನ್ಯವಾಗಿ ಕಾಲು ಮಿಲಿಮೀಟರ್‌ನಂತೆ ನಾಲ್ಕು ಸಲ. ನಡುವಿನ ಸಂದಿಯಲ್ಲಿ ಹೊಸ ಮೂಳೆ ತುಂಬುತ್ತಾ ಬರುತ್ತದೆ. ಬೇಗ ಎಳೆದರೆ ಮೂಳೆ ಕಟ್ಟುವುದಿಲ್ಲ. ತೀರಾ ನಿಧಾನಿಸಿದರೆ ಅವಧಿಗೆ ಮೊದಲೇ ಕೂಡಿಕೊಂಡು, ಮತ್ತೆ ಕತ್ತರಿಸಬೇಕಾಗುತ್ತದೆ.

ಇದು ದೇವರು ದೇಹದಲ್ಲಿಟ್ಟಿರುವ ಬೆರಗು ಎಂದು ನನಗೆ ಪ್ರತಿ ಸಲ ಎಕ್ಸ್-ರೇ ನೋಡಿದಾಗಲೂ ಅನ್ನಿಸುತ್ತದೆ. ಆದರೆ ಕಾಲು ಎಂದರೆ ಬರೀ ಮೂಳೆಯಲ್ಲ. ಸ್ನಾಯು, ನರ, ರಕ್ತನಾಳ, ಚರ್ಮ ಎಲ್ಲವೂ ಅದರ ಜೊತೆಗೆ ಎಳೆಯಬೇಕು. ಮೂಳೆ ಹೊಸದಾಗಿ ಬೆಳೆಯುತ್ತದೆ, ಸ್ನಾಯು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಮ್ಮ ಕಷ್ಟವೆಲ್ಲ ಅಲ್ಲಿಂದ ಶುರುವಾಗುತ್ತದೆ.

ದಿನಗಳ ಲೆಕ್ಕ

ತಮ್ಮನಿಗೆ ಬೇಕಾದದ್ದು ಮೂರು ಇಂಚು, ಅಂದರೆ ಏಳೂವರೆ ಸೆಂಟಿಮೀಟರ್. ದಿನಕ್ಕೆ ಒಂದು ಮಿಲಿಮೀಟರ್ ಎಂದರೆ ಎಳೆಯುವುದಕ್ಕೇ 75 ದಿನ, ಎಲ್ಲವೂ ಸರಿಯಾಗಿ ನಡೆದರೆ. ಎಳೆದ ಮೇಲೆ ಹೊಸ ಮೂಳೆ ಗಟ್ಟಿಯಾಗಲು ಪ್ರತಿ ಸೆಂಟಿಮೀಟರ್‌ಗೆ ಒಂದು ತಿಂಗಳು, ಕೆಲವರಲ್ಲಿ ಇನ್ನೂ ಹೆಚ್ಚು. ಎರಡೂ ಸೇರಿಸಿದರೆ ಕಾಲಿನ ಮೇಲೆ ನಂಬಿಕೆಯಿಂದ ಪೂರ್ತಿ ಭಾರ ಹಾಕಲು ಸುಮಾರು ಹತ್ತು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಗಾಲಿಕುರ್ಚಿ, ವಾಕರ್, ಊರುಗೋಲು. ಓಡುವುದು, ಜಿಗಿಯುವುದು, ಮೂಟೆ ಹೊರುವುದು ಒಂದು ವರ್ಷದ ಮಾತು, ಕೆಲವೊಮ್ಮೆ ಅದಕ್ಕೂ ಆಚೆ.

ಇಲ್ಲಿ ಅವನು ಒಂದು ಮಾತು ಕೇಳಿದ: "ಆಮ್ಯಾಕೆ ಪೊಲೀಸ್‌ಗೆ ಹೋಗ್ಬೌದಲ್ಲ?" ಅವನ ಎತ್ತರಕ್ಕೆ ಮೂರು ಇಂಚು ಸೇರಿಸಿದರೂ 165 ಸೆಂಟಿಮೀಟರ್. ಬೇಕಾದದ್ದು 170. ಎತ್ತರದ ಜೊತೆಗೆ 1500 ಮೀಟರ್ ಓಟ, ಹಗ್ಗ ಹತ್ತುವುದು, ಜಿಗಿತ ಎಲ್ಲ ಇರುತ್ತವೆ. ಈ ಆಪರೇಷನ್ ಆ ಬಾಗಿಲನ್ನು ತೆರೆಯುವುದಿಲ್ಲ. ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಎಂಟು ವರ್ಷ ಆದರೂ ಆ ಆಸೆಯನ್ನು ಅವನು ಬಿಟ್ಟಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಯಾವ ಯಾವ ವಿಧಾನ?

ಮೊದಲನೆಯದು ಹೊರಗಿನ ರಿಂಗ್. ಕಾಲಿನ ಸುತ್ತ ಬಳೆಗಳು, ಚರ್ಮ ತೂರಿ ಮೂಳೆಗೆ ಹೋಗುವ ತಂತಿ ಮತ್ತು ಪಿನ್ನುಗಳು. ಖರ್ಚು ಕಡಿಮೆ. ಆದರೆ ತಿಂಗಳುಗಟ್ಟಲೆ ಅದನ್ನು ಹೊತ್ತಿರಬೇಕು, ಪ್ರತಿಯೊಂದು ಪಿನ್ನಿನ ಬುಡವನ್ನೂ ತಪ್ಪದೆ ಶುಚಿ ಮಾಡಬೇಕು.

ಎರಡನೆಯದು ಮೂಳೆಯ ಒಳಗೆ ರಾಡು, ಹೊರಗೆ ರಿಂಗ್. ಎಳೆಯುವುದು ಮುಗಿದ ಮೇಲೆ ರಿಂಗ್ ತೆಗೆದು ರಾಡನ್ನು ಬಿಗಿದು ಬಿಡುತ್ತಾರೆ. ರಿಂಗ್ ಹೊರುವ ದಿನ ಕಡಿಮೆಯಾಗುತ್ತದೆ. ಆದರೆ ಪಿನ್ನಿನ ಬುಡದ ಸೋಂಕು ಒಳಗಿನ ರಾಡಿಗೆ ಇಳಿದರೆ ದೊಡ್ಡ ತೊಂದರೆ.

ಮೂರನೆಯದು ಪೂರ್ತಿ ಒಳಗೇ ಇರುವ ಅಯಸ್ಕಾಂತದ ರಾಡು. ಹೊರಗಿನಿಂದ ಒಂದು ಯಂತ್ರ ಹಿಡಿದರೆ ಒಳಗಿನ ರಾಡು ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತದೆ. ಅಂಥ "ಪ್ರಿಸೈಸ್" ರಾಡಿಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನೋಡಲು ಚೆಂದ, ಪಿನ್ನಿನ ಗಾಯವಿಲ್ಲ, ಬೆಲೆ ಮಾತ್ರ ಬಹಳ. ಮೂಳೆ ಕೂಡಿದ ಮೇಲೆ ರಾಡನ್ನು ತೆಗೆಯಲು ಮತ್ತೊಂದು ಆಪರೇಷನ್ ಬೇಕು. ಇದೇ ಸಾಲಿನಲ್ಲಿ ಪೂರ್ತಿ ಭಾರ ಹೊರಬಲ್ಲದು ಎಂದು ಬಂದ "ಸ್ಟ್ರೈಡ್" ಎಂಬ ಉಕ್ಕಿನ ರಾಡನ್ನು 2021ರಲ್ಲಿ ತಯಾರಕರೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ರಾಡಿನ ಕೀಲಿನ ಬಳಿ ತುಕ್ಕು, ಸುತ್ತಲಿನ ಮೂಳೆಯಲ್ಲಿ ಬದಲಾವಣೆ ಕಂಡುಬಂದಿದ್ದವು. ಹೊಸದು, ದುಬಾರಿಯದು ಎಂದ ಮಾತ್ರಕ್ಕೆ ನಿಶ್ಚಿಂತೆ ಎಂದಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಏನೇನು ಕೆಡಬಹುದು?

ಈ ಕ್ಷೇತ್ರದ ಪ್ರಸಿದ್ಧ ಡಾಕ್ಟರ್ ಡ್ರೋರ್ ಪೇಲಿ 1990ರಲ್ಲೇ ಕಾಲು ಉದ್ದ ಮಾಡುವಾಗ ಬರುವ ಕಷ್ಟಗಳನ್ನು ಮೂರು ಗುಂಪು ಮಾಡಿದರು: ಆಪರೇಷನ್ ಇಲ್ಲದೆ ಸರಿಹೋಗುವವು, ಮತ್ತೆ ಆಪರೇಷನ್ ಬೇಕಾಗುವವು, ಚಿಕಿತ್ಸೆ ಮುಗಿದರೂ ಉಳಿದುಬಿಡುವವು. ಕಷ್ಟ ಬರಬಹುದು ಎಂಬುದಕ್ಕಿಂತ, ಬಂದದ್ದು ಯಾವ ಗುಂಪಿನದು ಎಂದು ವಿಂಗಡಿಸಲು ಒಂದು ಪಟ್ಟಿಯೇ ಬೇಕಾಯಿತು ಎಂಬುದನ್ನು ಗಮನಿಸಿ.

ಪಿನ್ನಿನ ಬುಡದಲ್ಲಿ ಕೀವು ಬಹಳ ಸಾಮಾನ್ಯ. ಹೆಚ್ಚಿನವು ಮಾತ್ರೆ, ಶುಚಿಯಿಂದ ವಾಸಿಯಾಗುತ್ತವೆ. ಕೆಲವು ಮೂಳೆಗೆ ಇಳಿಯುತ್ತವೆ.

ಮೊಣಕಾಲಿನ ಕೆಳಗಿನ ಮೂಳೆ ಎಳೆದಾಗ ಹಿಮ್ಮಡಿಯ ಮೇಲಿನ ನರ, ನಾವು ಸಾಮಾನ್ಯವಾಗಿ ಕುದಿನರ ಎನ್ನುವ ದಪ್ಪ ಪಟ್ಟಿ, ಬಿಗಿದುಕೊಂಡು ಪಾದ ಕೆಳಮುಖವಾಗಿ ನಿಂತುಬಿಡುತ್ತದೆ. ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ತೊಡೆಮೂಳೆ ಎಳೆದಾಗ ಮೊಣಕಾಲು ಮಡಿಸಲು ಆಗದೆ ಹೋಗುತ್ತದೆ. ದಿನಾ ಗಂಟೆಗಟ್ಟಲೆ ವ್ಯಾಯಾಮ ಮಾಡಿಸುವುದು ಇದಕ್ಕೇ. ಮೊಣಕಾಲು ಪೂರ್ತಿ ಮಡಿಯದಿದ್ದರೆ ನಮ್ಮ ಊರಿನ ಬದುಕಿನಲ್ಲಿ ಏನೇನು ಹೋಗುತ್ತದೆ ಎಂದು ಯೋಚಿಸಿ. ನೆಲದ ಮೇಲೆ ಕೂತು ಉಣ್ಣುವುದು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಹಸು ಹಾಲು ಕರೆಯುವುದು, ಪೂಜೆಯಲ್ಲಿ ಮೊಣಕಾಲೂರುವುದು.

ನರಕ್ಕೆ ಎಳೆತ ಬಿದ್ದು ಪಾದ ಜೋಮು ಹಿಡಿಯಬಹುದು, ಪಾದ ಎತ್ತಲಾಗದೆ ಎಳೆದು ನಡೆಯುವಂತಾಗಬಹುದು. ಮೂಳೆ ಕೂಡದೆ ಉಳಿಯಬಹುದು, ಸೊಟ್ಟಗೆ ಕೂಡಬಹುದು, ಎರಡು ಕಾಲು ಒಂದೇ ಅಳತೆಗೆ ಬರದಿರಬಹುದು. ಅಪರೂಪವಾದರೂ ಜೀವಕ್ಕೇ ಬರುವ ಅಪಾಯಗಳಿವೆ: ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ, ಅಥವಾ ಮೂಳೆಯೊಳಗೆ ರಾಡು ತೂರಿಸುವಾಗ ಹೊರಟ ಕೊಬ್ಬಿನ ಕಣಗಳು ಶ್ವಾಸಕೋಶಕ್ಕೆ ಹೋಗಿ ಕೂರುವುದು. ಎತ್ತರಕ್ಕಾಗಿ ಮಾಡಿಸುವವರು ಎರಡೂ ಕಾಲು ಮಾಡಿಸಬೇಕಾದ್ದರಿಂದ ಮೇಲಿನ ಪ್ರತಿಯೊಂದು ಅಪಾಯಕ್ಕೂ ಎರಡು ಅವಕಾಶ.

ಎಷ್ಟು ಹೆಚ್ಚು ಎಳೆಯುತ್ತೇವೋ ಅಷ್ಟು ತೊಂದರೆ ಹೆಚ್ಚು. ಐದು ಸೆಂಟಿಮೀಟರ್‌ಗೆ ತೃಪ್ತಿಪಡಬಹುದಾದಲ್ಲಿ ಏಳೂವರೆಗೆ ಆಸೆಪಟ್ಟರೆ, ಆ ಕೊನೆಯ ಒಂದು ಇಂಚೇ ಎಲ್ಲಕ್ಕಿಂತ ದುಬಾರಿ.

ಇದೇ ರಿಂಗನ್ನು ನಾನು ಕೆಟ್ಟದ್ದು ಎನ್ನುವುದಿಲ್ಲ. ಲಾರಿ ಹರಿದು ಕಾಲಿನ ಮೂಳೆಯ ಒಂದು ತುಂಡೇ ಹೋಗಿದ್ದ ಯುವಕನೊಬ್ಬ ನಮ್ಮಲ್ಲಿಗೆ ಬರುತ್ತಿದ್ದ. ಬೇರೆ ಕಡೆ ಕಾಲು ತೆಗೆಯಬೇಕೆಂದಿದ್ದರು. ಹದಿನಾಲ್ಕು ತಿಂಗಳು ರಿಂಗ್ ಹೊತ್ತ. ರಾತ್ರಿ ನೋವಿಗೆ ನಿದ್ದೆಯಿಲ್ಲ. ಅವನ ಹೆಂಡತಿ ದಿನಾ ಒಂದೊಂದೇ ಪಿನ್ನು ಒರೆಸಿ ಬಟ್ಟೆ ಸುತ್ತುತ್ತಿದ್ದಳು. ಕೊನೆಗೆ ಸ್ವಲ್ಪ ಕುಂಟುತ್ತಾ ತನ್ನ ಎರಡು ಕಾಲಿನ ಮೇಲೇ ನಡೆದು ಹೋದ. ಪೋಲಿಯೊದಿಂದ ಒಂದು ಕಾಲು ಗಿಡ್ಡವಾದವರು, ಹುಟ್ಟುವಾಗಲೇ ಒಂದು ಕಾಲು ಸಣ್ಣದಿದ್ದವರು ಇದರಿಂದ ಸರಿಯಾಗಿದ್ದಾರೆ. ಅವರು ಪಡೆಯುವುದಕ್ಕಾಗಿ ಪಣಕ್ಕಿಡುವುದು ಆಗಲೇ ಕೆಟ್ಟಿರುವ ಕಾಲು. ನನ್ನ ತಮ್ಮ ಪಣಕ್ಕಿಡುವುದು ದಿನಕ್ಕೆ ಹತ್ತು ಗಂಟೆ ನಿಂತು ಕೆಲಸ ಮಾಡಬಲ್ಲ, ಫುಟ್‌ಬಾಲ್ ಆಡಬಲ್ಲ ಎರಡು ಗಟ್ಟಿ ಕಾಲು. ನಾನು ಅವನಿಗೆ ಹೇಳಿದ್ದು ಈ ವ್ಯತ್ಯಾಸ ಒಂದೇ.

ಚೀಟಿಯಲ್ಲಿ ಇಲ್ಲದ ಹಣ

ಹನ್ನೆರಡು ಲಕ್ಷದ ಅಂದಾಜು ಚೀಟಿಯನ್ನು ನಾವಿಬ್ಬರೂ ಸಾಲು ಸಾಲು ಓದಿದೆವು. ಆಪರೇಷನ್, ರಾಡು, ಎಂಟು ದಿನದ ವಾರ್ಡು. ಅಷ್ಟೇ. ಉಳಿದದ್ದನ್ನು ನಾವೇ ಬರೆದೆವು.

ಸಂಬಳ: ತಿಂಗಳಿಗೆ 22,000. ಹತ್ತು ತಿಂಗಳು ಇಲ್ಲವೆಂದರೆ 2,20,000. ಕಂಪನಿ ಅಷ್ಟು ದಿನ ಜಾಗ ಇಟ್ಟುಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ.

ಬಾಡಿಗೆ: ಆಸ್ಪತ್ರೆಯ ಹತ್ತಿರ ಒಂದು ರೂಮು ಬೇಕು. ತಾಳವಾಡಿಯಲ್ಲಿ ಇದ್ದುಕೊಂಡು ಇದನ್ನು ಮಾಡಲಾಗದು. ಕೊಯಮತ್ತೂರು ಕಡೆಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು, ರಾತ್ರಿ ಆ ದಾರಿಯಲ್ಲಿ ವಾಹನಗಳಿಗೆ ನಿರ್ಬಂಧವಿದೆ. ಮೈಸೂರು ಕಡೆಗೆ ಬಂದರೂ ಚಾಮರಾಜನಗರ ದಾಟಿ ಗಂಟೆಗಟ್ಟಲೆ ಬಸ್ಸು. ಎಳೆಯುವ ದಿನಗಳಲ್ಲಿ ಕಾಲು ಸ್ವಲ್ಪ ಅಲುಗಿದರೂ ಜೀವ ಹೋಗುತ್ತದೆ. ತಿಂಗಳಿಗೆ 7,000ದಂತೆ ಆರು ತಿಂಗಳಿಗೆ 42,000.

ಫಿಸಿಯೋಥೆರಪಿ: ಒಂದು ಸಲಕ್ಕೆ 500 ಎಂದು ಹಿಡಿದು, ವಾರಕ್ಕೆ ಐದು ಸಲ, 26 ವಾರ. 65,000.

ಇಷ್ಟೇ ಸೇರಿಸಿದರೂ 3,27,000. ಅಂದರೆ ಹನ್ನೆರಡು ಲಕ್ಷ ಹದಿನೈದು ದಾಟಿತು. ಇಂಚಿಗೆ ಐದು ಲಕ್ಷ. ಇದರಲ್ಲಿ ಏಳು ಲಕ್ಷದ ಬಡ್ಡಿ ಇಲ್ಲ, ರಾಡು ತೆಗೆಸುವ ಆಪರೇಷನ್ ಇಲ್ಲ, ಏನಾದರೂ ಕೆಟ್ಟರೆ ಮತ್ತೆ ಮಾಡಿಸುವ ಖರ್ಚು ಇಲ್ಲ. ನಮ್ಮ ದೇಶದ ಆರೋಗ್ಯ ವಿಮೆಗಳು ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್‌ನಂಥ ಕಾರಣವಿಲ್ಲದೆ ಬರೀ ಅಂದಕ್ಕೆ ಮಾಡಿಸುವ ಆಪರೇಷನ್‌ಗೆ ಹಣ ಕೊಡುವುದಿಲ್ಲ. ವಿಮೆಯಿಂದ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಖರ್ಚನ್ನು ರೂಪಾಯಿಯಲ್ಲಿ ಬರೆಯಲಾಗಲಿಲ್ಲ. ಎರಡೂ ಕಾಲು ಕತ್ತರಿಸಿಕೊಂಡು ಮಲಗಿದವನನ್ನು ಎತ್ತಿ ಕೂರಿಸಲು, ಪಾಯಿಖಾನೆಗೆ ಕರೆದೊಯ್ಯಲು ಒಬ್ಬರು ಬೇಕು. ಅದು ಚಿಕ್ಕವ್ವ. ಅವಳು ಎರಡು ಹಸು ಬಿಟ್ಟು, ಮೂರು ಹೊತ್ತು ಗುಳಿಗೆ ನುಂಗುವ ಚಿಕ್ಕಪ್ಪನನ್ನು ಬಿಟ್ಟು ಬರಬೇಕು. "ಅವ್ವನ್ಗೆ ಹೇಳ್ಬ್ಯಾಡ" ಎಂದವನಿಗೆ, ಈ ಆಪರೇಷನ್‌ನ ಅರ್ಧ ಕೆಲಸ ಅವ್ವನದೇ ಎಂದು ತೋರಿಸಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಗುಟ್ಟಾಗಿ ಬೇಡ

2016ರಲ್ಲಿ ಹೈದರಾಬಾದಿನಲ್ಲಿ ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಮನೆಯವರಿಗೆ ತಿಳಿಸದೆ ಇದೇ ಆಪರೇಷನ್ ಮಾಡಿಸಿಕೊಂಡಿದ್ದು ದೊಡ್ಡ ಸುದ್ದಿಯಾಗಿತ್ತು. ಮಗ ಎಲ್ಲಿ ಹೋದನೆಂದು ಹುಡುಕಿದ ತಂದೆ ತಾಯಿಗೆ ಅವನು ಸಿಕ್ಕಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಚೀನಾ ದೇಶ 2006ರಲ್ಲೇ, ಬರೀ ಎತ್ತರಕ್ಕಾಗಿ ಮಾಡುವ ಈ ಆಪರೇಷನ್ ನಿಷೇಧಿಸಿತು. ಅಲ್ಲಿ ಕೆಟ್ಟ ಆಪರೇಷನ್‌ಗಳಿಂದ ಕಾಲು ಕೆಡಿಸಿಕೊಂಡವರ ದೂರುಗಳಿದ್ದವು. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಆದ್ದರಿಂದ ಎಚ್ಚರಿಕೆ ನಮ್ಮದೇ.

ವಯಸ್ಸಿಗೆ ಬಂದವನು ತನ್ನ ದೇಹದ ಬಗ್ಗೆ ತಾನೇ ತೀರ್ಮಾನಿಸಬಹುದು, ನಿಜ. ಮಾಡಿಸಿಕೊಂಡು ಸಂತೋಷವಾಗಿರುವವರೂ ಇದ್ದಾರೆ, ಅದನ್ನೂ ಮುಚ್ಚಿಡಬಾರದು. ಮಾಡಿಸಿಕೊಂಡವರನ್ನು ಪಾಪಿ ಎನ್ನುವ ಹಕ್ಕು ನಮಗಿಲ್ಲ. ಆದರೆ ಹೋಗುವ ಮುಂಚೆ ಈ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು, ಮನೆಯ ಒಬ್ಬರನ್ನು ಕರೆದುಕೊಂಡು ಹೋಗಿ:

1. ನೀವೇ ಇಂಥ ಆಪರೇಷನ್ ಎಷ್ಟು ಜನರಿಗೆ ಮಾಡಿದ್ದೀರಿ? ಎರಡು ವರ್ಷದ ಹಿಂದೆ ಮಾಡಿಸಿಕೊಂಡವರ ಜೊತೆ ಮಾತಾಡಬಹುದೇ?
2. ಅವರಲ್ಲಿ ಎಷ್ಟು ಜನಕ್ಕೆ ಮತ್ತೆ ಆಪರೇಷನ್ ಬೇಕಾಯಿತು?
3. ನನ್ನ ಕಾಲಿಗೆ ಎಷ್ಟು ಸೆಂಟಿಮೀಟರ್ ಸುರಕ್ಷಿತ? ನೀವು ಯಾವಾಗ ನಿಲ್ಲಿಸುತ್ತೀರಿ?
4. ಮೂಳೆ ಕೂಡದಿದ್ದರೆ ಮುಂದಿನ ಖರ್ಚು ಯಾರದು?
5. ರಾಡು ತೆಗೆಯುವುದು, ಎಕ್ಸ್-ರೇ, ಫಿಸಿಯೋಥೆರಪಿ ಈ ಅಂದಾಜಿನಲ್ಲಿ ಸೇರಿವೆಯೇ?
6. ರಾತ್ರಿ ಎರಡು ಗಂಟೆಗೆ ಕಾಲು ಊದಿಕೊಂಡರೆ ಫೋನ್ ಎತ್ತುವವರು ಯಾರು?

ಉತ್ತರ ಕೊಡಲು ಮುಖ ಗಂಟಿಕ್ಕುವ ಆಸ್ಪತ್ರೆಯಿಂದ ಎದ್ದು ಬನ್ನಿ. ಜೊತೆಗೆ, ಈ ಆಪರೇಷನ್ ಮಾಡದ ಇನ್ನೊಬ್ಬ ಮೂಳೆ ಡಾಕ್ಟರ ಅಭಿಪ್ರಾಯ ಕೇಳಿ. ಕನ್ನಡಿ ಮುಂದೆ ನಿಂತರೆ ಸಾಕು ಬದುಕೇ ಬೇಡವೆನಿಸುವಷ್ಟು ಸಂಕಟ ಇದ್ದರೆ ಮೊದಲು ಮನಸ್ಸಿನ ಡಾಕ್ಟರನ್ನು ನೋಡಿ. ಕೆಲವರಲ್ಲಿ ಆ ಸಂಕಟ ಎತ್ತರ ಹೆಚ್ಚಿದರೂ ಹೋಗದೆ ಬೇರೊಂದು ಅಂಗಕ್ಕೆ ಅಂಟಿಕೊಳ್ಳುತ್ತದೆ. ಚಿಕ್ಕ ತಮ್ಮಂದಿರಿಗೆ ಇನ್ನೊಂದು ಮಾತು: ಬೆಳವಣಿಗೆ ನಿಂತು ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಯಾವ ಪುಡಿ, ಯಾವ ಮಾತ್ರೆಯೂ ಎತ್ತರ ಹೆಚ್ಚಿಸುವುದಿಲ್ಲ. ಆ ಡಬ್ಬಿಗಳಿಗೆ ಹಣ ಹಾಕಬೇಡಿ.

ಗುಂಪು ಸರಿದು ನಿಂತಿದ್ದರೆ

ಎತ್ತರದ ಮಾತು ಬಂದಾಗ ನಮಗೆಲ್ಲ ನೆನಪಾಗುವುದು ಜಕ್ಕಾಯ. ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಯೇಸುವನ್ನು ನೋಡಲು ಮರ ಹತ್ತಿದವನು. ಧರ್ಮೋಪದೇಶ ತರಗತಿಯಲ್ಲಿ ಅವನ ಪಾತ್ರ ಮಾಡಲು ಯಾವಾಗಲೂ ತರಗತಿಯ ಗಿಡ್ಡ ಹುಡುಗನನ್ನೇ ಆರಿಸುತ್ತಿದ್ದರು. ನನ್ನ ತಮ್ಮ ಆ ಪಾತ್ರವನ್ನು ಮೂರು ವರ್ಷ ಮಾಡಿದ್ದಾನೆ.

ಆ ಕಥೆಯನ್ನು ಲೂಕನ ಶುಭಸಂದೇಶದಲ್ಲಿ ಮತ್ತೆ ಓದಿ ನೋಡಿ. ಅವನಿಗೆ ಯೇಸು ಕಾಣದಿದ್ದುದಕ್ಕೆ ಗಿಡ್ಡತನದ ಜೊತೆಗೆ ಇನ್ನೊಂದು ಕಾರಣವನ್ನೂ ಲೂಕ ಬರೆದಿದ್ದಾನೆ: ಜನರ ಗುಂಪು. ಯಾರೂ ಸ್ವಲ್ಪ ಪಕ್ಕಕ್ಕೆ ಸರಿದು ಮುಂದೆ ಬಿಡಲಿಲ್ಲ. ಯೇಸು ಅವನನ್ನು ಎತ್ತರ ಮಾಡಲಿಲ್ಲ. ಮರದಿಂದ ಇಳಿಯಲು ಹೇಳಿ, ಅವನ ಮನೆಗೆ ಹೋದ. ಗೊಣಗಿದ್ದು ಅದೇ ಗುಂಪು.

ನನ್ನ ತಮ್ಮನಿಗೆ ಹದಿನೈದು ಲಕ್ಷದ ಬಿಲ್ಲು ಬರೆದದ್ದು ಆ ಆಸ್ಪತ್ರೆ ಮಾತ್ರ ಅಲ್ಲ. ಅದರಲ್ಲಿ ಸ್ವಲ್ಪ ಸ್ವಲ್ಪ ನಾವೆಲ್ಲ ಬರೆದಿದ್ದೇವೆ. ಅಡ್ಡಹೆಸರು ಇಟ್ಟ ಊರು, ಫೋಟೋ ಚೆಂದ ಕಾಣುವುದಿಲ್ಲ ಎಂದು ಹೇಳಿ ಕಳಿಸಿದ ಮನೆ, ಗುಂಪು ಫೋಟೋ ತೆಗೆಯುವಾಗ "ನೀನು ಕಲ್ಲಿನ ಮೇಲೆ ನಿಂತ್ಕೊ" ಎಂದು ನಗಿಸಿದ ಗೆಳೆಯರು. ಹಣ ಕೊಡಬೇಕಾಗಿ ಬಂದದ್ದು ಮಾತ್ರ ಅವನು.

ಹುಡುಗಿಯರಿಗೂ ಇದು ಬೇರೆ ರೂಪದಲ್ಲಿ ಬರುತ್ತದೆ. ಗಿಡ್ಡವಾದರೆ ಒಂದು ಮಾತು, ಎತ್ತರವಾದರೆ "ಇವಳಿಗೆ ಗಂಡು ಎಲ್ಲಿ ಹುಡುಕೋದು" ಎಂಬ ಇನ್ನೊಂದು ಮಾತು. ಅಪ್ಪ ಅಮ್ಮಂದಿರೇ, ಸಂಬಂಧ ನೋಡುವಾಗ ಮೊದಲು ಕುಡಿತ ಇದೆಯೇ, ಸಾಲ ಇದೆಯೇ, ಹೆಂಡತಿ ಮೇಲೆ ಕೈ ಮಾಡುವ ಮನೆಯೇ ಎಂದು ಕೇಳಿ. ಎತ್ತರ ಕೇಳಲೇಬೇಕಾದರೆ ಕೊನೆಗೆ ಕೇಳಿ. ಯುವಮಿತ್ರರೇ, ನಿಮ್ಮ ತಂಡದಲ್ಲಿ ಯಾರನ್ನಾದರೂ ದೇಹದ ಅಳತೆಯಿಂದ ಕರೆಯುವ ಹೆಸರಿದ್ದರೆ ಈ ಭಾನುವಾರದಿಂದಲೇ ಬಿಡಿ. ಅವನು ನಕ್ಕರೂ ಬಿಡಿ.

ಈಗ ಎಲ್ಲಿಗೆ ಬಂದಿದೆ?

"ನೀನಾಗಿದ್ರೆ ಏನ್ ಮಾಡ್ತಿದ್ದೆ ಅಕ್ಕ?" ಎಂದು ತಮ್ಮ ಕೊನೆಗೆ ಕೇಳಿದ. ಅರಿಸಿನದ ಹೊಲ ಅಡ ಇಟ್ಟು, ಗಟ್ಟಿ ಕಾಲು ಕತ್ತರಿಸಿಕೊಳ್ಳುತ್ತಿರಲಿಲ್ಲ ಎಂದೆ. ಆದರೆ ನನ್ನನ್ನು ಯಾರೂ ಇಪ್ಪತ್ತು ವರ್ಷ ಆ ಹೆಸರಿನಿಂದ ಕರೆದಿಲ್ಲ, ಅದಕ್ಕೇ ನನ್ನ ಉತ್ತರ ನಿನ್ನ ಉತ್ತರ ಆಗಬೇಕಿಲ್ಲ ಎಂದೂ ಹೇಳಿದೆ.

ಕಳೆದ ತಿಂಗಳು ಅವನು ಊರಿಗೆ ಹೋಗಿ ಚಿಕ್ಕಪ್ಪನಿಗೆ ತಾನೇ ಎಲ್ಲ ಹೇಳಿದ. ಚಿಕ್ಕಪ್ಪ ಬೈಯುತ್ತಾನೆಂದು ನಾವಿಬ್ಬರೂ ಹೆದರಿದ್ದೆವು. ಅವನು ಬೈಯಲಿಲ್ಲವಂತೆ. "ನಿನ್ಗೆ ಇಷ್ಟ್ ನೋವ್ ಇತ್ತು ಅಂತ ನನ್ಗೆ ಯಾಕ್ಲ ಹೇಳ್ನಿಲ್ಲ" ಎಂದನಂತೆ, ಅಷ್ಟೇ. ಮರುದಿನ ಇಬ್ಬರೂ ಸೇರಿ ಇನ್ನೊಬ್ಬ ಮೂಳೆ ಡಾಕ್ಟರ ಹತ್ತಿರ ಹೋದರು. ಏಳೂವರೆ ಸೆಂಟಿಮೀಟರ್ ಮಾತೇ ಬೇಡ, ಮಾಡುವುದಿದ್ದರೂ ಐದರ ಒಳಗೆ, ಅದಕ್ಕೂ ಒಂದು ವರ್ಷ ಯೋಚಿಸಿ ಬಾ ಎಂದರಂತೆ ಆ ಡಾಕ್ಟರ್. ಅವನು ಯೋಚಿಸುತ್ತಿದ್ದಾನೆ. ಹೊಲದ ಪತ್ರ ಪೆಟ್ಟಿಗೆಯಲ್ಲೇ ಇದೆ. ಈ ಸಲದ ಅರಿಸಿನ ಅಗೆಯಲು ರಜೆ ಹಾಕಿ ಬರುತ್ತೇನೆಂದು ಹೇಳಿದ್ದಾನೆ.

ನಿಮ್ಮಲ್ಲಿ ಯಾರಿಗಾದರೂ ಈ ಪ್ರಶ್ನೆ ಇದ್ದರೆ, ಪ್ರತಿ ತಿಂಗಳ ಎರಡನೇ ಭಾನುವಾರ ನಾನು ಊರಿನಲ್ಲಿರುತ್ತೇನೆ. ಪೂಜೆ ಮುಗಿದ ಮೇಲೆ ಮಾತಾಡೋಣ. ಒಬ್ಬರೇ ಬಂದರೂ ಸರಿ, ಅಪ್ಪ ಅಮ್ಮನ ಜೊತೆ ಬಂದರೂ ಸರಿ. ಅಂದಾಜು ಚೀಟಿ ಇದ್ದರೆ ತನ್ನಿ. ಕೂತು ಸಾಲು ಸಾಲಾಗಿ ಓದೋಣ.